ಸದ್ಯಕ್ಕೆ ನಂಬಬಹುದು

ಏನನ್ನು ಕೈಗೆ ಕೊಟ್ಟರೂ ನಮ್ಮ ಮೇಡಂ ಅದನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿದು, ಎಡಗಣ್ಣು ಅರ್ಧ ಮುಚ್ಚಿ, ತಿರುಗಿಸಿ ನೋಡುತ್ತಿದ್ದರು. ಗಾಜಿನ ನಳಿಕೆಯಾದರೆ ಸರಿ. ಕಾಫಿ ಲೋಟ, ಹುಟ್ಟುಹಬ್ಬದ ಪೇಡ, ರಜೆಯ ಅರ್ಜಿ ಎಲ್ಲಕ್ಕೂ ಅದೇ ತಪಾಸಣೆ. ದುರ್ಗಿಗುಡಿಯ ದಿನಸಿ ಅಂಗಡಿಯವರಂತೂ ಇವರು ಮೆಟ್ಟಿಲು ಹತ್ತುವಾಗಲೇ, "ಮೇಡಂ, ಇವತ್ತಿನ ಬೇಳೆ ನೀವು ತಗೋಬೇಡಿ, ಸುಮ್ನೆ ಜಗಳ ಯಾಕೆ" ಎನ್ನುತ್ತಿದ್ದರಂತೆ. ಅರಿಶಿನದ ಪುಡಿಯನ್ನು ಅವರು ಜನ್ಮದಲ್ಲಿ ಕೊಂಡವರಲ್ಲ. ಕೊಂಬು ತಂದು ಮನೆಯಲ್ಲೇ ಕುಟ್ಟುತ್ತಿದ್ದರು.

ಶಿವಮೊಗ್ಗದಲ್ಲಿ ನಾನು ಎಂ.ಎಸ್ಸಿ. ಓದುವಾಗ ಅವರು ನಮಗೆ ಸ್ಪೆಕ್ಟ್ರೋಸ್ಕೋಪಿ ಕಲಿಸಿದರು. ವಸ್ತುವಿನ ಮೂಲಕ ಬೆಳಕು ಹಾಯಿಸಿ, ಅದು ಯಾವ ಬೆಳಕನ್ನು ನುಂಗಿತು ಎಂಬುದರಿಂದ ಒಳಗೇನಿದೆ ಎಂದು ಹೇಳುವ ವಿದ್ಯೆ ಅದು. "ಯಂತ್ರ ಸುಳ್ಳು ಹೇಳಲ್ಲ. ಆದ್ರೆ ನೀವು ಕೇಳಿದ್ದಕ್ಕೇ ಉತ್ತರ ಕೊಡ್ತಿದೆ ಅಂತ ಯಾಕೆ ನಂಬ್ತೀರಿ?" ಎಂದು ಮೊದಲ ದಿನವೇ ಕೇಳಿದ್ದರು.

ಕೊನೆಯ ಸೆಮಿಸ್ಟರಿನಲ್ಲಿ ನಾನು ಎಸ್ಟರ್ ಜಾತಿಗೆ ಸೇರಿದ ಒಂದು ರಾಸಾಯನಿಕವನ್ನು ತಯಾರಿಸಬೇಕಿತ್ತು. ಅದು ನಿಜಕ್ಕೂ ಎಸ್ಟರ್ ಎಂದು ಮೇಡಂ ಸಹಿ ಹಾಕದಿದ್ದರೆ ಪ್ರಾಜೆಕ್ಟ್ ಇಲ್ಲ, ಪ್ರಾಜೆಕ್ಟ್ ಇಲ್ಲದಿದ್ದರೆ ಪದವಿಯಿಲ್ಲ. ತಯಾರಿಸಿದ ಪುಡಿಯನ್ನು ಪದ್ಧತಿಯಂತೆ ಒಂದು ಬಗೆಯ ಬಿಳಿ ಉಪ್ಪಿನೊಡನೆ ಅರೆದು, ಬಿಲ್ಲೆ ಒತ್ತಿ, ಯಂತ್ರದೊಳಗಿಟ್ಟೆ. ಎಸ್ಟರ್ ಇದ್ದರೆ ಗ್ರಾಫಿನ ಗೆರೆ ಎಲ್ಲಿ ಕೆಳಗಿಳಿಯಬೇಕೋ ಅಲ್ಲೇ ಇಳಿಯಿತು. ಕುಣಿಯುವುದೊಂದು ಬಾಕಿ.

"ಇದು ಎಲ್ಲಿಂದ ಬಂತು?" ಎಂದರು ಮೇಡಂ.

"ನನ್ನ ಸ್ಯಾಂಪಲ್‌ನಿಂದ ಮೇಡಂ."

"ನಿಂಗೆ ಹೇಗೆ ಗೊತ್ತು?"

ಮತ್ತೆ ಮಾಡಿದೆ. ಗೆರೆ ಮತ್ತೆ ಅಲ್ಲೇ ಇಳಿಯಿತು. ಮೇಡಂ ಪೆನ್ನಿನ ಕ್ಯಾಪ್ ಕೂಡ ತೆಗೆಯಲಿಲ್ಲ. ಆಲ್ಕೊಳದಿಂದ ಬರುತ್ತಿದ್ದ ಗೆಳತಿಗೆ ಮೊದಲ ಸಲವೇ ಸಹಿ ಸಿಕ್ಕಿತ್ತು. ಅವಳ ತಂದೆ ವಕೀಲರು, ಮೇಡಂಗೆ ಪರಿಚಯದವರು. ನನ್ನಪ್ಪ ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸಗಾರ. ಜನ್ನಾಪುರದ ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ಇದನ್ನೇ ತಿರುವಿ ತಿರುವಿ ಹಾಕಿದೆ. ಮರುದಿನ ಬೆಳಿಗ್ಗೆ ಎಂದಿನಂತೆ ತಲೆಗೆ ಎಣ್ಣೆ ತಟ್ಟುತ್ತಾ ಅಮ್ಮನೂ ಅದನ್ನೇ ಅಂದಳು: "ಆಯಮ್ಮನಿಗೆ ನಿನ್ನ ಕಂಡ್ರೆ ಆಗಲ್ಲ ಕಣೇ. ಏನೋ ಇದೆ ಒಳಗೆ."

ಅಂದು ಮೇಡಂ ನನ್ನ ಬೆನ್ನ ಹಿಂದೆಯೇ ಬಂದು ನಿಂತರು. "ಸ್ಯಾಂಪಲ್ ಹಾಕ್ಬೇಡ. ಬರೀ ಉಪ್ಪಿನ ಬಿಲ್ಲೆ ಒತ್ತು" ಎಂದರು. ಕಳ್ಳಿಯನ್ನು ಕಾಯುವ ಹಾಗೆ ಕಾಯುತ್ತಿದ್ದಾರೆ ಎನಿಸಿ ಮೈಯೆಲ್ಲ ಉರಿಯಿತು. ಒತ್ತಿದೆ. ಎಸ್ಟರೇ ಇಲ್ಲದ ಬಿಲ್ಲೆಯಲ್ಲೂ ಗೆರೆ ಅದೇ ಜಾಗದಲ್ಲಿ ಇಳಿಯಿತು.

"ತಲೆಗೆ ಏನು ಹಚ್ಚಿದೀಯ?"

"ಕೊಬ್ಬರಿ ಎಣ್ಣೆ ಮೇಡಂ."

"ಅದೂ ಎಸ್ಟರೇ ತಾನೇ? ಉಪ್ಪು ಅರೀತಾ ಅರೀತಾ ಮೂರು ಸಲ ಜಡೆ ಹಿಂದಕ್ಕೆ ಹಾಕ್ಕೊಂಡೆ, ಅದೇ ಕೈಲಿ ಬಿಲ್ಲೆ ಒತ್ತಿದೆ. ಇಷ್ಟು ದಿನ ನಿನ್ನ ಜಡೆ ಗ್ರಾಫ್ ತಂದು ತೋರಿಸ್ತಿದ್ದೆ ಮಾರಾಯ್ತಿ."

ಆಲ್ಕೊಳದವಳದು ಬಾಬ್ ಕಟ್ ಎಂಬುದು ಆಗ ಹೊಳೆಯಿತು.

ಸೀಗೆಕಾಯಿ ಹಾಕಿ ತಲೆ ತೊಳೆದು, ಬಟ್ಟೆ ಕಟ್ಟಿಕೊಂಡು, ಎಸ್ಟರನ್ನು ಮೊದಲಿನಿಂದ ತಯಾರಿಸಿದೆ. ಈ ಸಲ ಖಾಲಿ ಬಿಲ್ಲೆಯ ಗೆರೆ ನೆಟ್ಟಗಿತ್ತು. ನನ್ನ ಪುಡಿಯದು ಇಳಿದಿತ್ತು. ಮೇಡಂ ಸಹಿ ಹಾಕಿ, "ಇದನ್ನ ನಂಬಬಹುದು. ಸದ್ಯಕ್ಕೆ" ಎಂದರು. ಪದವಿ ಬಂತು, ಆದರೆ ಆ ಕೊನೆಯ ಪದ ವರ್ಷಗಟ್ಟಲೆ ಚುಚ್ಚುತ್ತಲೇ ಇತ್ತು. ಒಂದು ಸಲವಾದರೂ ಅವರು ನನ್ನನ್ನು ಪೂರ್ತಿ ನಂಬಬೇಕು ಎಂಬ ಹಟ ನನ್ನದು.

ಈಗ ನಾನು ಶಿವಮೊಗ್ಗದಲ್ಲೇ ನೀರು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಹೋದ ವರ್ಷ ಮೇಡಂಗೆ ಕಿಡ್ನಿ ತೊಂದರೆ ಶುರುವಾಯಿತು. ಮನೆಯ ಬೋರ್‌ವೆಲ್ ನೀರಿನ ಮೇಲೆ ಅವರಿಗೆ ಗುಮಾನಿ, ನನ್ನನ್ನೇ ಕರೆಸಿದರು. ಎರಡೆರಡು ಸಲ ಪರೀಕ್ಷೆ ಮಾಡಿ, ಅವರು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರ ಸಿದ್ಧಮಾಡಿಕೊಂಡು ಹೋದೆ. ಬ್ಯಾಗಿನಿಂದ ಗ್ರಾಫು ತೆಗೆಯುವಾಗ ಕೈ ಅಡ್ಡ ಹಿಡಿದರು.

"ಬಾಯಲ್ಲೇ ಹೇಳು."

"ನೀರು ಚೆನ್ನಾಗಿದೆ ಮೇಡಂ."

"ನೀನೇ ಮಾಡಿದ್ದಾ?"

"ಹೌದು ಮೇಡಂ."

"ಹಾಗಾದ್ರೆ ಸರಿ" ಎಂದು ಮಲಗಿದ್ದಲ್ಲೇ ಗೋಡೆಯ ಕಡೆ ಹೊರಳಿದರು. ಅದೇ ವಾರ ತೀರಿಕೊಂಡರು.

ನನ್ನನ್ನು ನಂಬಿ ಹಾಗೆಂದರೋ, ಅನುಮಾನ ಪಡಲೂ ಶಕ್ತಿ ಉಳಿಯದೆ ಅಂದರೋ, ನನಗೆ ಗೊತ್ತಿಲ್ಲ. ನಂಬಿದ್ದರು ಎಂದುಕೊಂಡರೆ ಹಿತವಾಗುತ್ತದೆ. ಹಿತವಾಗುತ್ತದೆ ಎನ್ನುವ ಕಾರಣಕ್ಕೇ ಅದನ್ನು ಒಪ್ಪಲು ಮನಸ್ಸು ಬರುವುದಿಲ್ಲ.