ಕಿಸೆ ತುಂಬಿದ ಕೋಟು

ಕೋಟಿನ ಕಿಸೆಗೆ ಕೈ ಹಾಕಿದವಳೇ ಗಾಬರಿಯಿಂದ ಹೊರಗೆಳೆದೆ. ಒಳಗೆ ಮೆತ್ತಗೆ ಏನೋ ತಗುಲಿತ್ತು. ನೋಡಿದರೆ, ಕೈಯಲ್ಲೇ ಹೆಣೆದ ಒಂದು ಜೊತೆ ಉಣ್ಣೆಯ ಕೈಗವಸು!

ನಾಗಪುರದಲ್ಲಿ ಫ್ಯಾನಿನ ಕೆಳಗೂ ಬೆವರುವ ಅಕ್ಟೋಬರ್ ಮಧ್ಯಾಹ್ನ ಅದು. ಮುಂದಿನ ವಾರ ನಾನೂ ನಮ್ಮವರೂ ನಾಲ್ಕು ದಿನಕ್ಕೆ ಸ್ಟಾಕ್‌ಹೋಮ್‌ಗೆ ಹೊರಡುವವರಿದ್ದೇವೆ. ಚಳಿಗೆ ನನ್ನ ಬೆರಳುಗಳು ಮರಗಟ್ಟಿ ನೋಯುತ್ತವೆ. ಇಲ್ಲಿನ ಅಂಗಡಿಗಳಲ್ಲೋ ಇನ್ನೂ ಒಂದು ಸ್ವೆಟರೂ ಇಲ್ಲ. "ನೀವೊಬ್ಬರೇ ಹೋಗಿ ಬನ್ನಿ" ಎಂದು ಬೆಳಿಗ್ಗೆ ರೇಗಿ, ಮುಖ ಊದಿಸಿಕೊಂಡು ಕೂತಿದ್ದೆ. ಅದು ಗೋಡೆಯಾಚೆ ಕೇಳಿಸಿತ್ತೇನೋ, ಪಕ್ಕದ ಕ್ವಾರ್ಟರ್ಸಿನ ವಿಜಯಪುರದ ಶಾಂತಕ್ಕ ಈ ದಪ್ಪ ಕೋಟು ಹೊತ್ತು ತಂದಿದ್ದರು.

"ಇದು ನಂದಲ್ರಿ ವೈನಿ, ನಮ್ಮ ಕ್ವಾರ್ಟರ್ಸ್ ಲೈನಿಂದು. ಯಾರು ಥಂಡಿ ಊರಿಗೆ ಹೊಂಟಾರ, ಅವರ್ದು."

ವರ್ಗವಾಗಿ ಹೋದ ಯಾವುದೋ ವಾಯುಪಡೆ ಕುಟುಂಬ ಬಿಟ್ಟುಹೋದ ಕೋಟಂತೆ. ಲೇಹ್‌ಗೂ ಸಿಕ್ಕಿಂಗೂ ಹೋಗಿಬಂದಿದೆ. ವಿದೇಶ ಇದೇ ಮೊದಲು. ಇನ್ನೊಂದು ಕಿಸೆಯಲ್ಲಿ ಲವಂಗದ ಪೊಟ್ಟಣವಿತ್ತು, ತುಟಿಗೆ ಹಚ್ಚುವ ಮುಲಾಮಿತ್ತು. ಇದೆಲ್ಲ ಯಾರದೆಂದು ಕೇಳಿದೆ.

"ಹೋಗಿಬಂದವರು ಮುಂದಿನವರಿಗಂತ ಏನರ ಇಟ್ಟು ಕೊಡ್ತಾರ. ನೀವೂ ಕಿಸೆ ಖಾಲಿ ಕೊಡಬ್ಯಾಡ್ರಿ ಮತ್ತ" ಎಂದು ನಕ್ಕರು ಶಾಂತಕ್ಕ.

ಕೈಗವಸು ಹೆಣೆದವರು ಈಗ ಯಾವ ಊರಿನಲ್ಲಿದ್ದಾರೋ ಶಾಂತಕ್ಕನಿಗೂ ಗೊತ್ತಿಲ್ಲ. ನನ್ನ ಬೆರಳಿಗಂತೂ ಅಳತೆ ತೆಗೆದು ಹೆಣೆದಂತೆ ಕೂತಿದೆ. ನಮ್ಮವರು ಸ್ಟಾಕ್‌ಹೋಮ್‌ನಲ್ಲಿ ನೋಡುವ ಜಾಗಗಳನ್ನು ಇನ್ನೂ ಆರಿಸುತ್ತಿದ್ದಾರೆ. ಅಲ್ಲಿ ನಾನು ಕೊಳ್ಳಬೇಕಾದದ್ದು ಮಾತ್ರ ಆಗಲೇ ಗೊತ್ತಾಗಿದೆ: ಯಾರದೆಂದು ತಿಳಿಯದ ಕಾಲಿಗೆ ಒಂದು ಜೊತೆ ಉಣ್ಣೆಯ ಕಾಲುಚೀಲ.