ಒಂದೇ ಜೊತೆ ತಬಲಾ

ಚನ್ನಗಿರಿಯಲ್ಲಿ ನಾನೂ ನನ್ನ ಹೆಂಡತಿಯೂ ಒಂದೇ ದಿನ ತಬಲಾ ಪಾಠಕ್ಕೆ ಸೇರಿದೆವು. ಆಸೆ ನನ್ನದು. ಈ ವಯಸ್ಸಿನಲ್ಲಿ ಒಬ್ಬನೇ ಹೋಗಲು ಸಂಕೋಚವಾಗಿ ಅವಳನ್ನೂ ಕರೆದುಕೊಂಡು ಹೋಗಿದ್ದೆ, ಅಷ್ಟೆ.

ಮಳೆಗಾಲ ಮುಗಿಯುವಷ್ಟರಲ್ಲಿ ವ್ಯತ್ಯಾಸ ಗೊತ್ತಾಯಿತು. ನನಗೆ ಲಯ ನಿಲ್ಲುತ್ತಿರಲಿಲ್ಲ; ಬಾರಿಸುತ್ತಾ ಬಾರಿಸುತ್ತಾ ಓಡಿಬಿಡುತ್ತಿದ್ದೆ. ಒಂದು ದಿನ ಮೇಷ್ಟ್ರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಸರ್, ಬಸ್ ತಪ್ಪಿದೋರಂಗೆ ಯಾಕ್ ಓಡ್ತೀರಿ? ಮೊಬೈಲ್‌ನಾಗೆ ಮೆಟ್ರೊನೋಮ್ ಹಾಕ್ಕಳ್ರಿ. ಅದು ಟಕ್ ಅಂದಾಗ್ಲೇ ನಿಮ್ ಪೆಟ್ಟು ಬೀಳ್ಬೇಕು."

"ಇವಳಿಗೆ?" ಎಂದೆ.

"ಅವರಿಗ್ಯಾಕ್ರೀ? ಅವರ ಕೈಯಾಗೇ ಐತಲ್ಲ."

ಆ ಮಾತು ಮನೆಯವರೆಗೂ ಚುಚ್ಚುತ್ತಲೇ ಬಂತು. ಮನೆಯಲ್ಲಿದ್ದ ಒಂದೇ ಜೊತೆ ತಬಲಾದ ಮುಂದೆ ಕೂತು ಬೆಳಿಗ್ಗೆ ಹೊತ್ತು ಟಕ್ ಟಕ್ ಸದ್ದಿನೊಂದಿಗೆ ಗುದ್ದಾಡುತ್ತಿದ್ದೆ. ಬಟ್ಟೆ ಮಡಚುತ್ತಾ ಅವಳು ಏನೂ ಹೇಳುತ್ತಿರಲಿಲ್ಲ. ಹೇಳದಿರುವುದೂ ನನಗೆ ಜಂಬದಂತೆ ಕಾಣುತ್ತಿತ್ತು.

ಒಮ್ಮೆ, "ನೀನೂ ಇದರ ಜೊತೆ ಬಾರಿಸಿ ನೋಡು" ಎಂದೆ. ತಪ್ಪಲಿ ಎಂದೇ ಬಯಸಿದ್ದೆ. ನಡುವೆ ಮೊಬೈಲಿನ ಸದ್ದನ್ನು ಪೂರ್ತಿ ಇಳಿಸಿದೆ. ಅವಳು ತಲೆ ಎತ್ತದೆ ಬಾರಿಸುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಸದ್ದು ಏರಿಸಿದರೆ ಟಕ್ ಎನ್ನುವುದೂ ಅವಳ ಪೆಟ್ಟೂ ಒಟ್ಟಿಗೇ ಬಿದ್ದವು.

"ಹೆಂಗೆ ಬರುತ್ತೆ ನಿಂಗೆ?"

"ಗೊತ್ತಿಲ್ಲ ರೀ. ಎಣಿಸಾಕೆ ಹೋದ್ರೆ ನಂಗೂ ತಪ್ಪುತ್ತೆ."

ಗೊತ್ತಿಲ್ಲವಂತೆ! ಕಷ್ಟಪಟ್ಟು ಕಲಿತೆ ಎಂದಿದ್ದರೆ ಅಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಆಮೇಲೆ ಅವಳ ತವರು ಸೊಕ್ಕೆಗೆ ಹೋದಾಗ ಸೋಮವಾರದ ಭಜನೆಗೆ ತಬಲಾ ಬಾರಿಸುವವರು ಬಂದಿರಲಿಲ್ಲ. ನಾನು ಅಂಗಿಯ ತೋಳು ಮಡಚುತ್ತಾ ಮುಂದೆ ಸರಿದೆ. ಅವಳ ತಮ್ಮ, "ಭಾವ, ನೀವು ತಾಳ ಹಿಡೀರಿ, ಅಕ್ಕ ಬಾರಿಸ್ಲಿ" ಎಂದು ಎರಡು ಕಂಚಿನ ಬಿಲ್ಲೆಗಳನ್ನು ನನ್ನ ಕೈಗಿಟ್ಟ.

ಹಾಡುವವರು ಹುರುಪಿನಲ್ಲಿ ವೇಗ ಏರಿಸಿದರು. ಅವರ ಜೊತೆ ನಾನೂ ಓಡಿದೆ. ಅವಳು ಓಡಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಅವಳ ನಡಿಗೆಗೇ ವಾಪಸ್ ಬಂದರು. ಕೊನೆಗೆ ನನ್ನ ತಾಳವೂ ಬಂತು. ಹಾಡು ಚೆನ್ನಾಗಿ ಕೂತಿತು. ಅಷ್ಟು ಚೆನ್ನಾಗಿದ್ದದ್ದನ್ನೇ ನನಗೆ ಸಹಿಸಲಾಗಲಿಲ್ಲ.

ಚನ್ನಗಿರಿಗೆ ಮರಳಿದ ಮೇಲೆ ಪಾಠ ಬಿಡಲು ಮಾತ್ರ ಮನಸ್ಸಾಗಲಿಲ್ಲ. ಮೆಟ್ರೊನೋಮಿನ ವೇಗವನ್ನು ಬೇಸರ ಬರುವಷ್ಟು ಇಳಿಸಿಕೊಂಡು, ತಾಳದ ಮೂಲ ಪೆಟ್ಟುಗಳ ಒಂದೇ ಠೇಕಾ ಹಿಡಿದು ಕೂತೆ. ಎರಡು ಪೆಟ್ಟುಗಳ ನಡುವೆ ಸುಮ್ಮನೆ ಕಾಯುವುದೇ ನನಗೆ ಬರುತ್ತಿರಲಿಲ್ಲ ಎಂದು ನಿಧಾನವಾಗಿ ತಿಳಿಯಿತು.

ಮೊನ್ನೆ ಅವಳು ಬಾಗಿಲಲ್ಲಿ ನಿಂತು ನಾನು ಬಾರಿಸುವುದನ್ನು ಕೇಳಿದಳು. ಮುಗಿದ ಮೇಲೆ, "ಇವತ್ತು ಓಡ್ಲಿಲ್ಲ ನೀವು" ಎಂದಳು.

ಖುಷಿಯಾಯಿತು. ಅದನ್ನು ಹೇಳುವ ಅಧಿಕಾರ ಅವಳಿಗಿದೆಯಲ್ಲ ಎಂದು ಸಂಕಟವೂ ಆಯಿತು.