ಮೀನಿಗೆಂದು ತಂದ ನೀರು

೧೯೮೬ರ ಜುಲೈ ತಿಂಗಳ ಒಂದು ಸೋಮವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷಕ್ಕೆ, ಕೋಯಮತ್ತೂರಿನ ಬಳಿಯ ಅವಿನಾಶಿಯ ವೆಂಕಟಾಚಲಂ ಚಹಾ ಸೋಸುವ ಜಾಲರಿಯಲ್ಲಿ ಸತ್ತ ಗೌರಾಮಿ ಮೀನೊಂದನ್ನು ಗಾಜಿನ ತೊಟ್ಟಿಯಿಂದ ಎತ್ತುತ್ತಿದ್ದರು. ಹೆಂಡತಿ ರುಕ್ಮಣಿ ಏಳುವ ಮೊದಲೇ ಅದನ್ನು ಹಿತ್ತಲಿನ ದಾಸವಾಳದ ಬುಡದಲ್ಲಿ ಹೂತುಬಿಡಬೇಕೆಂದಿದ್ದರು. ಆದರೆ ರುಕ್ಮಣಿ ಆಗಲೇ ಬಾಗಿಲಲ್ಲಿ ನಿಂತಿದ್ದರು.

"ಇದೂ ಹೋಯ್ತಾ?" ಎಂದಷ್ಟೇ ಕೇಳಿ ಒಳಗೆ ಹೋದರು.

ವೆಂಕಟಾಚಲಂ ಅವರದು ನೇಯ್ಗೆಯ ಮನೆತನ. ತಂದೆ ಕೈಮಗ್ಗಕ್ಕೆ ಕೂತವರು. ಇವರು ಮನೆಯ ಹಿಂದೆ ಶೆಡ್ಡು ಕಟ್ಟಿ ಎಂಟು ಪವರ್‌ಲೂಮ್ ಹಾಕಿದವರು. ಮನೆಯೊಳಗೆ ಕನ್ನಡ, ಶೆಡ್ಡಿನಲ್ಲಿ ತಮಿಳು, ಎರಡರಲ್ಲೂ ಮಾತು ಕಡಿಮೆ. ಮಗ್ಗದಲ್ಲಿ ಎಳೆ ಕಡಿದರೆ ಊಟದ ಎಲೆಯ ಮುಂದೆ ಕುಳಿತೇ ಸದ್ದಿನಿಂದ ಗುರುತಿಸುವರು. ಏನು ಕೊಂಡರೂ ದೊಡ್ಡದನ್ನೇ ಕೊಳ್ಳುವುದು ಅವರ ಸ್ವಭಾವ. ಮೀನಿನ ತೊಟ್ಟಿಯೂ ಹಾಗೆಯೇ, ಐದು ಅಡಿ ಉದ್ದ, ಮುನ್ನೂರು ಲೀಟರಿನದು. ಅದರಲ್ಲಿ ಜಾಕ್ ಡೆಂಪ್ಸಿ ಎಂಬ ಸಿಕ್ಲಿಡ್ ಮೀನು ಎರಡಿದ್ದವು. ಕಪ್ಪು ಮೈ ಮೇಲೆ ನೀಲಿ ಚುಕ್ಕಿ, ನೋಡಲು ಚೆಂದ. ಆದರೆ ಜೊತೆಗೆ ಬಿಟ್ಟ ಯಾವ ಮೀನನ್ನೂ ಅವು ಬದುಕಗೊಡುತ್ತಿರಲಿಲ್ಲ. ರುಕ್ಮಣಿ ಆ ಕೋಣೆಗೆ ಗುಡಿಸಲು ಹೋಗುತ್ತಿದ್ದರೇ ಹೊರತು ಕೂರಲು ಹೋದವರಲ್ಲ.

ಅವರು ಕೂರುತ್ತಿದ್ದುದು ಕೋಯಮತ್ತೂರಿನ ಪೀಳಮೇಡಿನಲ್ಲಿ, ತಂಗಿ ಕಲಾಳ ಮನೆಯ ತೊಟ್ಟಿಯ ಮುಂದೆ. ಕಲಾಳ ಗಂಡ ಚೆನ್ನಕೇಶವನ್ ಮಿಲ್ಲಿನ ಗುಮಾಸ್ತ. ಅವನ ತೊಟ್ಟಿ ಮೂರೇ ಅಡಿ, ಅಂಚಿನ ತಗಡಿಗೆ ತುಕ್ಕು. ಅದರಲ್ಲಿ ಒಂದು ಜೋಡಿ ಏಂಜಲ್ ಮೀನು. ಅವೂ ಸಿಕ್ಲಿಡ್ ಕುಲದವೇ, ಆದರೆ ಸಾಧು. ಎಲೆಯ ಮೇಲೆ ಮೊಟ್ಟೆಯಿಟ್ಟು ಗಂಡು ಹೆಣ್ಣು ಸರದಿಯಂತೆ ರೆಕ್ಕೆ ಬೀಸುತ್ತಾ ಕಾಯುತ್ತಿದ್ದವು. ಭಾನುವಾರ ಅಲ್ಲಿಗೆ ಹೋದರೆ ರುಕ್ಮಣಿ ಒಂದು ಲೋಟ ನೀರು ಹಿಡಿದು ಆ ತೊಟ್ಟಿಯ ಮುಂದೆ ಕುಳಿತುಬಿಡುವರು. ಚೆನ್ನಕೇಶವನ್ ಏನೋ ಹೇಳುವನು, ಅವರು ನಗುವರು. ವೆಂಕಟಾಚಲಂ ಪೇಪರಿನ ಒಂದೇ ಪುಟವನ್ನು ಮತ್ತೆ ಮತ್ತೆ ಓದುವರು. ತಮ್ಮ ಮನೆಯಲ್ಲಿ ಆ ನಗು ಕಡೆಯ ಬಾರಿ ಕೇಳಿದ್ದು ಯಾವಾಗ ಎಂದು ಯೋಚಿಸಿ, ನೆನಪಾಗದೆ, ಷಡ್ಡಕನ ತೊಟ್ಟಿಯಲ್ಲಿ ಒಂದು ಮೀನಾದರೂ ಸಾಯಬಾರದೇ ಎಂದು ಹಾರೈಸಿದ್ದೂ ಉಂಟು.

ಒಮ್ಮೆ ಹೊಟ್ಟೆಯುರಿ ತಡೆಯಲಾರದೆ ಗುಟ್ಟೇನೆಂದು ಕೇಳಿಯೇಬಿಟ್ಟರು.

"ನಾ ಏನೂ ಮಾಡಲ್ಲ ಅಣ್ಣಾ," ಎಂದ ಚೆನ್ನಕೇಶವನ್. "ಎಲ್ಲಾ ಸಿರುವಾಣಿ ತಣ್ಣಿ. ನಿಮ್ಮೂರ ಉಪ್ಪು ತಣ್ಣಿಗೆ ಡೆಂಪ್ಸಿನೇ ಸರಿ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕೋಯಮತ್ತೂರಿನ ನಲ್ಲಿಗೆ ಬೆಟ್ಟದಿಂದ ಬರುವ ಸಿರುವಾಣಿ ನೀರು ಮೆದು. ವೆಂಕಟಾಚಲಂ ಮನೆಯ ಬಾವಿಯ ನೀರು ಗಡಸು. ಸಾಬೂನು ನೊರೆ ಬರದು, ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳುಕಾಳಾಗಿಯೇ ಉಳಿಯುತ್ತದೆ. ಮೆದು ನೀರಿನ ಹೊಳೆಗಳಿಂದ ಬಂದ ಏಂಜಲ್‌ಗೆ ಮೆದು ನೀರೇ ಹಿತ. ಇಷ್ಟು ವಿಷಯ ಅದರಲ್ಲಿದ್ದರೂ ವೆಂಕಟಾಚಲಂಗೆ ಕೇಳಿಸಿದ್ದು ಅಣಕ ಮಾತ್ರ.

ಗೌರಾಮಿ ಸತ್ತ ವಾರವೇ ಅವರು ಡೆಂಪ್ಸಿಗಳನ್ನು ಅಂಗಡಿಗೆ ಹಿಂತಿರುಗಿಸಿದರು. ಏಳು ಎಳೆ ಏಂಜಲ್, ಒಂದು ಜೋಡಿ ಗೌರಾಮಿ, ತಳದಲ್ಲಿ ಮೇಯುವ ನಾಲ್ಕು ಪುಟ್ಟ ಮೀಸೆಮೀನು ತಂದರು. ಗುರುವಾರ ಬಟ್ಟೆ ಹೊತ್ತು ಕೋಯಮತ್ತೂರಿಗೆ ಹೋಗುವ ಟೆಂಪೋ ಖಾಲಿ ಮರಳುತ್ತಿತ್ತು. ಬಟ್ಟೆ ವ್ಯಾಪಾರಿಯ ಗೋಡೌನಿನ ನಲ್ಲಿಯಲ್ಲಿ ಐದು ಕ್ಯಾನು ನೀರು ಹಿಡಿದು ತರುವಂತೆ ಡ್ರೈವರ್ ಮಾರಿಮುತ್ತುವಿಗೆ ಹೇಳಿದರು. ದಾರಿಯಲ್ಲೇ ಇದ್ದ ಪೀಳಮೇಡಿನ ಷಡ್ಡಕನ ನಲ್ಲಿ ಅವರಿಗೆ ಬೇಡವಾಗಿತ್ತು. ಐದು ಕ್ಯಾನೆಂದರೆ ನೂರು ಲೀಟರು, ತೊಟ್ಟಿಯ ಮೂರನೆಯ ಒಂದು ಪಾಲು. ನೀರು ತಟ್ಟನೆ ಬದಲಾದರೆ ಮೀನು ತಡೆಯವು ಎಂದು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತಾ ಬಂದರು. ಧಣಿಗಳ ಮನೆಯಲ್ಲಿ ಮೀನಿಗೆ ಮಾತ್ರ ಕೋಯಮತ್ತೂರಿನ ರೇಷನ್ ಕಾರ್ಡು ಇದೆ ಎಂದು ಮಾರಿಮುತ್ತು ಶೆಡ್ಡಿನವರನ್ನೆಲ್ಲ ನಗಿಸಿದ.

ಒಂದು ಮೀನೂ ಸಾಯಲಿಲ್ಲ. ವೆಂಕಟಾಚಲಂ ತೊಟ್ಟಿಯ ಮುಂದೆ ಒಂದು ಕುರ್ಚಿ ತಂದಿಟ್ಟರು. ರುಕ್ಮಣಿ ಅದನ್ನು ಸರಿಸಿ ಗುಡಿಸಿ, ಮತ್ತೆ ಅಲ್ಲೇ ಇಟ್ಟು ಹೋಗುತ್ತಿದ್ದರು.

ನಾಲ್ಕನೆಯ ಗುರುವಾರ, ಟೆಂಪೋ ಬಂದು ಒಂದು ತಾಸಿನ ಮೇಲೆ ಕ್ಯಾನುಗಳನ್ನು ಎತ್ತಲು ಹೋದಾಗ ಒಂದು ಕ್ಯಾನು ಅರ್ಧ ಖಾಲಿಯಾಗಿತ್ತು. ಅಡುಗೆಮನೆಗೆ ಹೋದರು. ಒಲೆಯ ಮೇಲೆ ಬೇಳೆ ಬೆಣ್ಣೆಯಂತೆ ಬೆಂದಿತ್ತು.

"ಅದು ಮೀನಿಗೆ ತಂದ ತಣ್ಣಿ," ಎಂದರು.

ರುಕ್ಮಣಿ ಸೌಟು ಕೆಳಗಿಟ್ಟರು. "ಗೊತ್ತು. ನಾ ಹುಟ್ಟಿ ಬೆಳೆದಿದ್ದು ಅದೇ ತಣ್ಣೀಲಿ. ಈ ಮನೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ಟೆಂಪೋ ಅವತ್ತೂ ಖಾಲಿನೇ ಬರ್ತಿತ್ತು. ನನಗೊಂದು ಕೊಡ ತರ್ಬೇಕೂಂತ ನಿಮಗೆ ತೋಚಲಿಲ್ಲ. ಮೊನ್ನೆ ಬಂದ ಮೀನಿಗೆ ಐದು ಕ್ಯಾನಾ?"

"ನಿನಗೆ ಆ ಮೀನು ಇಷ್ಟ ಅಂತ ತಾನೇ ತಂದೆ. ಕಲಾ ಮನೇಲಿ ತೊಟ್ಟಿ ಬಿಟ್ಟು ಎದ್ದೇಳಲ್ವಲ್ಲ ನೀನು."

"ಅಲ್ಲಿ ಮೂರು ಲೋಟ ಕುಡೀತೀನಿ. ತಣ್ಣಿ ಕಾಣದವಳ ಥರ ತಂಗಿ ಮುಂದೆ ಸುಮ್ಮನೆ ಕೂತು ಕುಡಿಯಕ್ಕಾಗುತ್ತಾ? ಮೀನು ನೋಡೋ ಹಾಗೆ ಕೂರ್ತೀನಿ."

ಅವರ ದನಿ ಏರಲಿಲ್ಲ. ತಂಗಿಯ ನಲ್ಲಿಯ ಮೇಲಿನ ಹದಿನಾಲ್ಕು ವರ್ಷದ ಹೊಟ್ಟೆಯುರಿ, ಈಗ ಏಳು ಏಂಜಲ್‌ಗಳ ಮೇಲೂ ಹರಡಿದ್ದು, ಆ ದನಿಯಲ್ಲಿತ್ತು. ವೆಂಕಟಾಚಲಂಗೆ ಅದರ ಗುರುತು ಹತ್ತಲು ತಡವಾಗಲಿಲ್ಲ. ತಮ್ಮದೂ ಅದೇ ನೂಲು. ಉಳಿದ ಅರ್ಧ ಕ್ಯಾನನ್ನು ಅಡುಗೆಮನೆಗೆ ಹೊತ್ತು ತಂದಿಟ್ಟರು.

ಮುಂದಿನ ಗುರುವಾರ ಬಟ್ಟೆ ಹೇರಿದ ಮೇಲೆ, ಎಂದಿನಂತೆ ಐದು ಕ್ಯಾನು ತಾನೇ ಎಂದು ಮಾರಿಮುತ್ತು ಕೇಳಿದ. ಶೆಡ್ಡಿನಲ್ಲಿ ಎಂಟೂ ಮಗ್ಗ ಓಡುತ್ತಿದ್ದವು. ಹಿಂದಿನ ದಿನವೇ ಹೊಸ ಕ್ಯಾನುಗಳನ್ನು ಕೊಂಡು ತಂದಿದ್ದ ವೆಂಕಟಾಚಲಂ ಅಡುಗೆಮನೆಯ ಕಿಟಕಿಯತ್ತ ಒಮ್ಮೆ ನೋಡಿ, ಆ ಸದ್ದನ್ನೂ ಮೀರಿ ಅಲ್ಲಿಗೆ ಕೇಳಿಸುವಂತೆ ಹೇಳಿದರು: "ಹತ್ತು."